ಮನುಷ್ಯಸಂಖ್ಯೆಯ ಅರ್ಧಚ್ಛೇದಗಳು ಮತ್ತು ಒಂದು ಮಹಾ ಅವಿಭಾಜ್ಯ ಸಂಖ್ಯೆ

ಜೈನಾಚಾರ್ಯರು ಬೃಹತ್ಸಂಖ್ಯೆಗಳನ್ನು ಕುರಿತು ಮಾಡಿದ ವಿಚಾರ ವಿದ್ವಲ್ಲೋಕಕ್ಕೆ ಸುವಿದಿತವಾದುದೇ ಆಗಿದೆ. ಆದರೆ ಇತ್ತೀಚೆಗೆ ದಾವಣಗೆರೆ ಮತ್ತು ಹರಿಹರಗಳ ಸ್ವಾಧ್ಯಾಯಾಸಕ್ತ ಶ್ರಾವಕರಿಂದ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಕೋಟಿ ಕೋಟಿ ಅಂಕಗಳುಳ್ಳ ಅವಿಭಾಜ್ಯ ಸಂಖ್ಯೆಯೊಂದು ಪತ್ತೆಯಾಯಿತೆಂಬ ವಾರ್ತೆಯನ್ನು ಓದಿದವರು, “ಇಂತಹ ಸಂಖ್ಯೆಗಳು ನಮ್ಮ ಆಚಾರ್ಯರಿಗೆ ಮೊದಲೇ ತಿಳಿದಿದ್ದವಲ್ಲವೆ?” ಎಂದು ಕೇಳುತ್ತಾರೆ. ಕೆಲವರು ಕೇಳುವುದಕ್ಕೂ ನಿಲ್ಲದೆ ತಿಳಿದಿದ್ದವೆಂದೇ ಸಭೆಗಳಲ್ಲಿ ಸಾರುತ್ತಾರೆ. ಹಸ್ತಪ್ರತಿಗಳೊಡನೆ ಬಾಳುವವರು ಈ ಮಾತನ್ನು ಹಾಗೆಯೇ ಬಿಡಲಾಗದು. ಗ್ರಂಥದಲ್ಲಿ ಇಲ್ಲದುದನ್ನು ಇದೆಯೆನ್ನುವುದು ಶ್ರುತಭಕ್ತಿಯಲ್ಲ. ಇರುವುದನ್ನು ಕಾಣದೆ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ಆದುದರಿಂದ ನಮ್ಮ ಗಣಿತಗ್ರಂಥಗಳಲ್ಲಿ ಸಂಖ್ಯೆಗಳ ವಿಭಾಜ್ಯತೆಯನ್ನು ಕುರಿತು ಇರುವುದೇನು, ಇಲ್ಲದಿರುವುದೇನು, ಇರುವುದರಿಂದ ಪಾಠಶೋಧನಕ್ಕೆ ಒದಗುವ ಪ್ರಯೋಜನವೇನು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧

ಅವಿಭಾಜ್ಯ ಸಂಖ್ಯೆಯೆಂದರೆ ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಃಶೇಷವಾಗಿ ಭಾಗವಾಗದ ಸಂಖ್ಯೆ. ೨, ೩, ೫, ೭, ೧೧, ೧೩ ಇತ್ಯಾದಿಗಳು ಅಂತಹವು. ೧೫ ಅಂತಹುದಲ್ಲ, ಅದು ಮೂರು ಐದುಗಳ ಗುಣಲಬ್ಧ. ಪ್ರತಿಯೊಂದು ಸಂಯುಕ್ತ ಸಂಖ್ಯೆಯೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ರೀತಿಯಲ್ಲಿ ಒಡೆಯುತ್ತದೆ ಎಂಬುದು ಈ ಶಾಸ್ತ್ರದ ಮೂಲಸಿದ್ಧಾಂತ. ಅವಿಭಾಜ್ಯಗಳು ಅನಂತವೆಂಬುದನ್ನು ಗ್ರೀಸಿನ ಯೂಕ್ಲಿಡನು ಕ್ರಿಸ್ತಪೂರ್ವದಲ್ಲಿಯೇ ಸಾಧಿಸಿ ತೋರಿಸಿದ್ದನು.

ಇಲ್ಲಿ ಒಂದು ಸಾದೃಶ್ಯವನ್ನು ಹೇಳಿ ಅದರ ಮಿತಿಯನ್ನೂ ಹೇಳುವುದು ಉಚಿತ. ಜೈನ ಪರಂಪರೆಯಲ್ಲಿ ಗಣನೆ ಒಂದರಿಂದ ಆರಂಭವಾದರೂ ಸಂಖ್ಯಾತವು ಎರಡರಿಂದ ಮೊದಲಾಗುತ್ತದೆ. ಎರಡೇ ಜಘನ್ಯ ಸಂಖ್ಯಾತ. ಆಧುನಿಕ ಗಣಿತವೂ ಒಂದನ್ನು ಅವಿಭಾಜ್ಯಗಳಲ್ಲಿ ಸೇರಿಸದೆ ಎರಡರಿಂದಲೇ ಅವುಗಳನ್ನು ಎಣಿಸುತ್ತದೆ. ಈ ಹೋಲಿಕೆಯನ್ನು ಕಂಡು ಎರಡೂ ಒಂದೇ ಎಂದು ಭ್ರಮಿಸಬಾರದು. ಒಂದರಿಂದ ಗುಣಿಸಿದರೂ ಭಾಗಿಸಿದರೂ ವೃದ್ಧಿಹಾನಿಗಳಿಲ್ಲವೆಂಬುದು ಎರಡೂ ಕಡೆ ಸಮಾನವಾದರೂ, ಮೊದಲನೆಯದು ರಾಶಿಗಳ ವರ್ಗೀಕರಣಕ್ಕೆ ಸಂಬಂಧಿಸಿದುದು, ಎರಡನೆಯದು ಅಪವರ್ತನಗಳ ಏಕರೂಪತೆಗೆ ಸಂಬಂಧಿಸಿದುದು.

೨

ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು ಕ್ರಿ.ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಚಿತವಾದುದು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದಸಹಿತವಾಗಿ ಪ್ರಕಟಿಸಿದಾಗ ಮೂಡಬಿದರೆಯ ಜೈನ ಭಂಡಾರದ ಕನ್ನಡ ಲಿಪಿಯ ಪ್ರತಿಯೂ ಅವರಿಗೆ ಒದಗಿತ್ತು. ೧೯೬೩ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನರ ಹಿಂದೀ ಆವೃತ್ತಿಯೂ, ೨೦೦೦ದಲ್ಲಿ ಹೊಂಬುಜ ಶ್ರೀಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವುಳ್ಳ ಆವೃತ್ತಿಯೂ ಹೊರಬಂದವು.

ಈ ಗ್ರಂಥದಲ್ಲಿ ಅವಿಭಾಜ್ಯಗಳಿಗೆ ಪ್ರತ್ಯೇಕ ಪ್ರಕರಣವಿಲ್ಲ. ಆದರೆ ಆ ವಿಚಾರದ ಬಾಗಿಲಲ್ಲಿಯೇ ನಿಂತಿರುವ ಎರಡು ಸಂಗತಿಗಳಿವೆ. ಮೊದಲನೆಯದು ‘ನಿರುದ್ಧ’. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಸಾಧಿಸುವ ಕ್ರಮವನ್ನು ಆಚಾರ್ಯರು ಈ ಹೆಸರಿನಿಂದ ನಿರೂಪಿಸಿದ್ದಾರೆ. ಸಂಖ್ಯೆಗಳು ಯಾವ ಅಂಶಗಳಿಂದ ಕೂಡಿವೆ ಎಂಬ ಗಮನವಿಲ್ಲದೆ ಇಂತಹ ಕ್ರಮ ಹುಟ್ಟದು.

ಎರಡನೆಯದು ಪ್ರತ್ಯುತ್ಪನ್ನ, ಅಂದರೆ ಗುಣಾಕಾರದ ಉದಾಹರಣೆಗಳಲ್ಲಿ ಬರುವ ಕಂಠಾಭರಣಗಳು. ಗುಣಲಬ್ಧದ ಅಂಕಗಳು ಮಣಿಹಾರದಂತೆ ಎಡಬಲಗಳಲ್ಲಿ ಸಮವಾಗಿ ಜೋಡಣೆಗೊಳ್ಳುವ ಲೆಕ್ಕಗಳನ್ನು ಆಚಾರ್ಯರು ಆಯ್ದು ಕೊಟ್ಟಿದ್ದಾರೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಹಾರ, ೧೧೧೧೧೧೧೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಹಾರ. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಇವು ಗುಣಿಸುತ್ತ ಗುಣಿಸುತ್ತ ಆಕಸ್ಮಿಕವಾಗಿ ದೊರೆತವುಗಳಾಗಿರಲಾರವು. ಹಾರವನ್ನು ಮೊದಲು ಇರಿಸಿಕೊಂಡು ಅದನ್ನು ಭಾಗಿಸಿದವನಿಗೇ ಇಂತಹ ಗುಣ್ಯಗಳು ಸಿಕ್ಕುತ್ತವೆ. ಆಚಾರ್ಯರ ದೃಷ್ಟಿ ವಿಭಜನದ ಕಡೆಗೆ ಹರಿದಿತ್ತೆಂಬುದಕ್ಕೆ ಇವು ಸಾಕಷ್ಟು ಸೂಚಕವಾಗಿವೆ.

ಈ ಗುಣ್ಯಗಳನ್ನು ಪೂರ್ಣವಾಗಿ ಒಡೆದು ನೋಡಿದರೆ ಅವುಗಳೊಳಗೆ ದೊಡ್ಡ ಅವಿಭಾಜ್ಯಗಳು ಅಡಗಿರುವುದು ಕಾಣುತ್ತದೆ. ೧೨೩೪೫೬೭೯ ಎಂಬುದು ೩೭ ಮತ್ತು ೩೩೩೬೬೭ರ ಗುಣಲಬ್ಧ, ೩೩೩೬೬೭ ಅವಿಭಾಜ್ಯ. ೩೩೩೩೩೩೬೬೬೬೬೭ನ್ನು ಒಡೆದರೆ ಅದೇ ೩೩೩೬೬೭ರ ಜೊತೆಗೆ ೧೯, ೫೨೫೭೯ ದೊರೆಯುತ್ತವೆ. ೧೪೨೮೫೭೧೪೩ನ್ನು ಒಡೆದರೆ ೧೧, ೧೩, ೧೯ ಮತ್ತು ಮತ್ತೆ ೫೨೫೭೯. ಹೀಗೆ ಬೇರೆ ಬೇರೆ ಹಾರಗಳಲ್ಲಿ ಒಂದೇ ಮಣಿ ಮರಳಿ ಬರುತ್ತದೆ. ಆದರೆ ೩೩೩೬೬೭ ಅವಿಭಾಜ್ಯವೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ. ಆ ಸಂಖ್ಯೆಯನ್ನು ಬೇರ್ಪಡಿಸಿಯೂ ತೋರಿಸಿಲ್ಲ. ಅದು ನಾವು ಇಂದು ಕಾಣುವ ಗುಣ, ಗ್ರಂಥ ಹೇಳಿದ ಮಾತಲ್ಲ. ಈ ಗೆರೆಯನ್ನು ಅಳಿಸದೆ ಮುಂದುವರಿಯಬೇಕು. ಭಾರತದಲ್ಲಿ ಸಂಖ್ಯೆಯ ಭಾಜಕಗಳನ್ನು ಹುಡುಕುವ ಕ್ರಮಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟ ಪ್ರಸಿದ್ಧ ಗ್ರಂಥ ನಾರಾಯಣ ಪಂಡಿತನ ಗಣಿತಕೌಮುದಿ. ಅದರ ಕಾಲ ಕ್ರಿ.ಶ. ೧೩೫೬.

ಕಂಠಾಭರಣಗಳಿಂದ ಒಂದು ನಿಯಮವನ್ನಂತೂ ತಿಳಿಯಬಹುದು. ಎಂಟು ಒಂದುಗಳ ಹಾರವನ್ನು ಎರಡೆರಡರ ನಾಲ್ಕು ಗೊಂಚಲುಗಳಾಗಿ ಬಿಡಿಸಬಹುದಾದುದರಿಂದ ಅದು ೧೧ರಿಂದ ಭಾಗವಾಗುತ್ತದೆ. ಒಂಬತ್ತು ಒಂದುಗಳ ಹಾರವನ್ನು ಮೂರು ಮೂರಾಗಿ ಬಿಡಿಸಬಹುದಾದುದರಿಂದ ಅದು ೧೧೧ರಿಂದ ಭಾಗವಾಗುತ್ತದೆ. ಅಂದರೆ ಮಣಿಗಳ ಎಣಿಕೆ ಸಂಯುಕ್ತವಾದರೆ ಹಾರವೂ ಸಂಯುಕ್ತ. ಎಣಿಕೆ ಅವಿಭಾಜ್ಯವಾದಾಗ ಈ ಉಪಾಯ ನಡೆಯದು. ಹತ್ತೊಂಬತ್ತು ಒಂದುಗಳ ಹಾರ ಸ್ವತಃ ಅವಿಭಾಜ್ಯ. ಅದನ್ನು ಯಾವ ಗುಣ್ಯಗುಣಕಗಳಿಂದಲೂ ಕಟ್ಟಲಾಗದು. ಒಂದುಗಳಿಂದಲೇ ಆದ ಇಂತಹ ಅವಿಭಾಜ್ಯಗಳು ಬಹು ವಿರಳ. ೩೧೭ ಒಂದುಗಳದು ೧೯೭೦ರ ದಶಕದ ಕೊನೆಯ ಭಾಗದಲ್ಲಿ, ೧೦೩೧ ಒಂದುಗಳದು ೧೯೮೬ರಲ್ಲಿ, ೪೯೦೮೧ ಒಂದುಗಳದು ೨೦೨೨ರಲ್ಲಿ ಅವಿಭಾಜ್ಯವೆಂದು ಸಿದ್ಧಪಟ್ಟವು.

೩

ಇನ್ನು ಸಿದ್ಧಾಂತಗ್ರಂಥಗಳ ಕಡೆಗೆ ಬರೋಣ. ಕ್ರಿ.ಶ. ೮೧೬ರಲ್ಲಿ ಮುಗಿದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಪರಿಭಾಷೆಯನ್ನು ವಿಪುಲವಾಗಿ ಬಳಸಿದ್ದಾರೆ. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅಷ್ಟು ಅದರ ಅರ್ಧಚ್ಛೇದಗಳು. ೮ಕ್ಕೆ ಮೂರು, ೧೬ಕ್ಕೆ ನಾಲ್ಕು. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದಗಳು ಆ ರಾಶಿಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ ಎಂಬ ನಿಯಮ ಇವರಿಗೆ ಸುಪರಿಚಿತ. ಪಾಶ್ಚಾತ್ಯರು ಲಾಗರಿದಮ್ ಎಂದು ಕರೆಯುವ ಗಣಿತದಲ್ಲಿ ಎರಡನ್ನು ಆಧಾರವಾಗಿಟ್ಟುಕೊಂಡ ರೂಪ ಇದೇ ಎಂಬುದನ್ನು ಇತಿಹಾಸಕಾರರು ಒಪ್ಪಿದ್ದಾರೆ.

ಎರಡನ್ನು ವರ್ಗಿಸುತ್ತ ಹೋಗುವ ಧಾರೆ ದ್ವಿರೂಪವರ್ಗಧಾರೆ. ಇದರ ಮೊದಲ ವರ್ಗ ೪, ಎರಡನೆಯದು ೧೬, ಮೂರನೆಯದು ೨೫೬, ನಾಲ್ಕನೆಯದು ೬೫೫೩೬. ಇದಕ್ಕೆ ಪಣ್ಣಟ್ಠಿಯೆಂದು ಹೆಸರು. ಐದನೆಯದು ಬಾದಾಲ, ೪೨೯೪೯೬೭೨೯೬. ಆರನೆಯದು ಏಕಟ್ಠಿ, ೧೮೪೪೬೭೪೪೦೭೩೭೦೯೫೫೧೬೧೬. ಆರಂಭದ ಅಂಕಗಳಿಂದಲೇ ಈ ಹೆಸರುಗಳು ಬಂದಿರುವುದು ಸ್ಪಷ್ಟ. ಬಾದಾಲದ ಅರ್ಧಚ್ಛೇದಗಳು ೩೨, ಏಕಟ್ಠಿಯವು ೬೪.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಪಂಚಮ ವರ್ಗದ ಘನವೆಂದು ಹೇಳುತ್ತಾರೆ. ಬಾದಾಲದ ಘನವೆಂದರೆ ಬಾದಾಲ ಏಕಟ್ಠಿಗಳ ಗುಣಲಬ್ಧವೇ ಸರಿ. ಏಕೆಂದರೆ ಏಕಟ್ಠಿ ಬಾದಾಲದ ವರ್ಗ. ಅದರ ಅರ್ಧಚ್ಛೇದಗಳು ೩೨ ಮತ್ತು ೬೪ ಕೂಡಿ ೯೬. ಸಂಖ್ಯೆ ಹೀಗಿದೆ: ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬. ಒಟ್ಟು ೨೯ ಅಂಕಗಳು. ಈ ಅಂಕಗಳನ್ನು ಕಟಪಯಾದಿ ಕ್ರಮದ ಅಕ್ಷರಗಳಲ್ಲಿ ಅಡಕಗೊಳಿಸಿ, ಏಕಸ್ಥಾನದಿಂದ ಎಡಕ್ಕೆ ಸಾಗುವಂತೆ ಒಂದು ಗಾಹೆಯಲ್ಲಿ ಇಟ್ಟಿದ್ದಾರೆ. ಗೊಮ್ಮಟಸಾರಕ್ಕೆ ಕೇಶವಣ್ಣ, ಅಂದರೆ ಕೇಶವವರ್ಣಿ, ಕ್ರಿ.ಶ. ೧೩೫೯ರಲ್ಲಿ ಕನ್ನಡದ ವೃತ್ತಿಯನ್ನು ರಚಿಸಿದನು. ಅದನ್ನು ಅನುಸರಿಸಿಯೇ ಸಂಸ್ಕೃತದ ಜೀವತತ್ತ್ವಪ್ರದೀಪಿಕೆ ಹುಟ್ಟಿತೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು. ಆ ಸಂಸ್ಕೃತ ಟೀಕೆಯನ್ನು ಆಶ್ರಯಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಭಾಷಾಟೀಕೆಯನ್ನು ಬರೆದರು. ಕನ್ನಡದ ಒಂದು ವೃತ್ತಿ ರಾಜಸ್ಥಾನದ ಸ್ವಾಧ್ಯಾಯಶಾಲೆಗಳವರೆಗೆ ನಡೆದುಹೋದ ದಾರಿ ಇದು.

ಈ ಸಂಖ್ಯೆಯ ಸ್ವಭಾವವೇನು? ಅದನ್ನು ಎರಡು ಎಂಬ ಒಂದೇ ಅವಿಭಾಜ್ಯ ತೊಂಬತ್ತಾರು ಬಾರಿ ಕಟ್ಟಿದೆ. ಎರಡರಿಂದ ಅರ್ಧಿಸಿದಷ್ಟೂ ಅದು ಬಾಗುತ್ತದೆ. ಮೂರಕ್ಕಾಗಲಿ ಐದಕ್ಕಾಗಲಿ ಏಳಕ್ಕಾಗಲಿ ಬಾಗುವುದಿಲ್ಲ. ಅವಿಭಾಜ್ಯಕ್ಕೆ ಇದು ನೇರ ವಿರುದ್ಧವಾದ ಸ್ವಭಾವವೆಂದು ತೋರುತ್ತದೆ. ಆದರೆ ಇವೆರಡರ ನಡುವಿನ ಅಂತರ ಕೆಲವೊಮ್ಮೆ ಒಂದೇ ಒಂದು.

೪

ಮಹಾವೀರಾಚಾರ್ಯರ ಗುಣಸಂಕಲಿತವನ್ನು ಇಲ್ಲಿ ಸ್ಮರಿಸಬೇಕು. ಒಂದರಿಂದ ಮೊದಲಾಗಿ ಇಮ್ಮಡಿಯಾಗುತ್ತ ಹೋಗುವ ೧, ೨, ೪, ೮, ೧೬ ಎಂಬ ಐದು ಪದಗಳನ್ನು ಕೂಡಿದರೆ ೩೧. ಅದು ಮುಂದಿನ ಪದವಾದ ೩೨ಕ್ಕಿಂತ ಒಂದು ಕಡಿಮೆ. ದಾವಣಗೆರೆಯ ಮಂಡಿಪೇಟೆಯ ವರ್ತಕನೊಬ್ಬ ಮೊದಲ ದಿನ ಒಂದು ಕಾಳು, ಮರುದಿನ ಎರಡು, ಮೂರನೆಯ ದಿನ ನಾಲ್ಕು ಎಂದು ಇಡುತ್ತ ಹೋದರೆ, ಯಾವ ದಿನದ ಕೊನೆಗೇ ಆಗಲಿ ಕೂಡಿದ ರಾಶಿ ನಾಳೆ ಇಡಬೇಕಾದುದಕ್ಕಿಂತ ಒಂದು ಕಾಳು ಕಡಿಮೆ ಇರುತ್ತದೆ. ಎರಡನ್ನು ಆಧಾರವಾಗಿಟ್ಟು ಬರೆದರೆ ಈ ಮೊತ್ತಗಳೆಲ್ಲ ಒಂದುಗಳ ಹಾರಗಳೇ. ಆದುದರಿಂದ ಕಂಠಾಭರಣದ ನಿಯಮ ಇಲ್ಲಿಯೂ ಸಲ್ಲುತ್ತದೆ: ಪದಗಳ ಎಣಿಕೆ ಸಂಯುಕ್ತವಾದರೆ ಮೊತ್ತವೂ ಸಂಯುಕ್ತ.

ಮನುಷ್ಯಸಂಖ್ಯೆಯಲ್ಲಿ ಒಂದನ್ನು ಕಳೆದರೆ ತೊಂಬತ್ತಾರು ಪದಗಳ ಗುಣಸಂಕಲಿತ ದೊರೆಯುತ್ತದೆ. ತೊಂಬತ್ತಾರು ಬಹುವಾಗಿ ಒಡೆಯುವ ಎಣಿಕೆಯಾದುದರಿಂದ ಈ ಮೊತ್ತವೂ ಬಹುವಾಗಿ ಒಡೆಯುತ್ತದೆ. ೩, ೫, ೭, ೧೭, ೨೫೭, ೬೫೫೩೭ ಇವೆಲ್ಲ ಅದರ ಭಾಜಕಗಳು. ಇವುಗಳಲ್ಲಿ ಏಳನ್ನು ಬಿಟ್ಟು ಉಳಿದವು ಎರಡು ಮತ್ತು ಅದರ ವರ್ಗಧಾರೆಯ ರಾಶಿಗಳಿಗೆ ಒಂದನ್ನು ಕೂಡಿದಾಗ ಬರುವ ಸಂಖ್ಯೆಗಳು; ಐದೂ ಅವಿಭಾಜ್ಯಗಳು. ಹದಿನೇಳನೆಯ ಶತಮಾನದ ಫ್ರಾನ್ಸಿನ ಫರ್ಮಾ ಈ ಕ್ರಮ ಮುಂದೆಯೂ ಹೀಗೆಯೇ ನಡೆಯುವುದೆಂದು ನಂಬಿದ್ದನು. ಆದರೆ ಬಾದಾಲಕ್ಕೆ ಒಂದನ್ನು ಕೂಡಿದಾಗ ಬರುವ ೪೨೯೪೯೬೭೨೯೭, ೬೪೧ ಮತ್ತು ೬೭೦೦೪೧೭ರ ಗುಣಲಬ್ಧವೆಂಬುದನ್ನು ಆಯ್ಲರ್ ೧೭೩೨ರಲ್ಲಿ ಕಂಡುಹಿಡಿದನು. ಪಣ್ಣಟ್ಠಿಯವರೆಗೆ ನಿಂತ ನಿಯಮ ಬಾದಾಲದಲ್ಲಿ ಮುರಿದುಬಿತ್ತು. ನಾಲ್ಕಾರು ಉದಾಹರಣೆಗಳಿಂದ ವ್ಯಾಪ್ತಿಯನ್ನು ಸಾಧಿಸಲಾಗದೆಂಬ ನ್ಯಾಯಶಾಸ್ತ್ರದ ಎಚ್ಚರಿಕೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಈಗ ಬಾದಾಲವನ್ನು ಒಂದು ಬಾರಿ ಅರ್ಧಿಸಿ ಒಂದನ್ನು ಕಳೆಯೋಣ. ಬರುವ ೨೧೪೭೪೮೩೬೪೭ ಅವಿಭಾಜ್ಯ. ಇದನ್ನು ಆಯ್ಲರ್ ೧೭೭೨ರಲ್ಲಿ ಸಿದ್ಧಪಡಿಸಿದನು. ಏಕಟ್ಠಿಯನ್ನು ಮೂರು ಬಾರಿ ಅರ್ಧಿಸಿ ಒಂದನ್ನು ಕಳೆದರೆ ೨೩೦೫೮೪೩೦೦೯೨೧೩೬೯೩೯೫೧, ಇದೂ ಅವಿಭಾಜ್ಯ. ೧೮೮೩ರಲ್ಲಿ ಇದನ್ನು ತೋರಿಸಿದವನು ಪರ್ವೂಶಿನ್ ಎಂಬ ರಷ್ಯಾದ ಪಾದ್ರಿ. ಕೊನೆಗೆ, ಮನುಷ್ಯಸಂಖ್ಯೆಯನ್ನು ಏಳು ಬಾರಿ ಅರ್ಧಿಸಿದರೆ ಎಂಬತ್ತೊಂಬತ್ತು ಅರ್ಧಚ್ಛೇದಗಳು ಉಳಿಯುತ್ತವೆ. ಅದರಲ್ಲಿ ಒಂದನ್ನು ಕಳೆದರೆ ೬೧೮೯೭೦೦೧೯೬೪೨೬೯೦೧೩೭೪೪೯೫೬೨೧೧೧ ಎಂಬ ಇಪ್ಪತ್ತೇಳು ಅಂಕಗಳ ಸಂಖ್ಯೆ. ಇದೂ ಅವಿಭಾಜ್ಯ. ೧೯೧೧ರಲ್ಲಿ ಇದನ್ನು ಸಾಧಿಸಿದವನು ಅಮೆರಿಕದ ಆರ್. ಇ. ಪವರ್ಸ್, ಗಣಿತ ಅವನ ವೃತ್ತಿಯಾಗಿರಲಿಲ್ಲ. ನಮ್ಮ ಗ್ರಂಥಗಳ ಮೂರು ಪ್ರಸಿದ್ಧ ರಾಶಿಗಳ ನೆರಳಿನಲ್ಲಿಯೇ ಹೀಗೆ ಮೂರು ಮಹಾ ಅವಿಭಾಜ್ಯಗಳು ನಿಂತಿವೆ. ಆ ರಾಶಿಗಳು ಆಚಾರ್ಯರವು. ಅವಿಭಾಜ್ಯತೆಯ ಸಾಧನೆ ಅನ್ಯರದು. ಎರಡನ್ನೂ ಹಾಗೆಯೇ ಹೇಳಬೇಕು.

ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಮೊತ್ತ ಅವಿಭಾಜ್ಯವಾಗುವುದಿಲ್ಲ. ಹನ್ನೊಂದು ಪದಗಳ ಮೊತ್ತ ೨೦೪೭. ಅದು ೨೩ ಮತ್ತು ೮೯ರ ಗುಣಲಬ್ಧ. ಈ ಭಾಜಕಗಳಲ್ಲಿಯೂ ಒಂದು ಕ್ರಮವಿದೆ: ಎಣಿಕೆಯ ಇಮ್ಮಡಿಯಾದ ೨೨ರ ಯಾವುದೋ ಮಡಿಗೆ ಒಂದನ್ನು ಕೂಡಿದರೆ ಇವು ಬರುತ್ತವೆ, ೨೨ಕ್ಕೆ ಒಂದು ಕೂಡಿದರೆ ೨೩, ೮೮ಕ್ಕೆ ಒಂದು ಕೂಡಿದರೆ ೮೯. ಎಂಬತ್ತೊಂಬತ್ತು ಪದಗಳ ಮೊತ್ತಕ್ಕೆ ಭಾಜಕವಿದ್ದಿದ್ದರೆ ಅದು ೧೭೮ರ ಯಾವುದೋ ಮಡಿಗಿಂತ ಒಂದು ಹೆಚ್ಚಾಗಿರಬೇಕಿತ್ತು. ಹೀಗೆ ಶೋಧದ ಕ್ಷೇತ್ರ ಕಿರಿದಾದರೂ ಒಂದೊಂದನ್ನೇ ಭಾಗಿಸಿ ನೋಡುವುದು ಕೈಲೆಕ್ಕಕ್ಕೆ ಅಸಾಧ್ಯ. ಫ್ರಾನ್ಸಿನ ಲ್ಯೂಕಾಸ್ ೧೮೭೦ರ ದಶಕದಲ್ಲಿ ಇದಕ್ಕೊಂದು ಪರೀಕ್ಷೆಯನ್ನು ಕಂಡುಕೊಂಡನು. ಅಮೆರಿಕದ ಲೇಮರ್ ೧೯೩೦ರಲ್ಲಿ ಅದನ್ನು ಸರಳಗೊಳಿಸಿದನು. ನಾಲ್ಕರಿಂದ ಆರಂಭಿಸಿ ವರ್ಗಿಸಬೇಕು, ಎರಡನ್ನು ಕಳೆಯಬೇಕು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು. ಹೀಗೆ ಪದಗಳ ಎಣಿಕೆಗಿಂತ ಎರಡು ಕಡಿಮೆ ಬಾರಿ ಮಾಡಬೇಕು. ಕೊನೆಯ ಶೇಷ ಸೊನ್ನೆಯಾದರೆ ಮಾತ್ರ ಸಂಖ್ಯೆ ಅವಿಭಾಜ್ಯ. ೩೧ಕ್ಕೆ ಇದನ್ನು ಮಾಡಿನೋಡಬಹುದು. ಪದಗಳು ಐದು, ಆವೃತ್ತಿಗಳು ಮೂರು. ನಾಲ್ಕರ ವರ್ಗದಲ್ಲಿ ಎರಡು ಕಳೆದರೆ ೧೪. ಅದರ ವರ್ಗದಲ್ಲಿ ಎರಡು ಕಳೆದರೆ ೧೯೪. ೩೧ರಿಂದ ಭಾಗಿಸಿದರೆ ಶೇಷ ೮. ಅದರ ವರ್ಗದಲ್ಲಿ ಎರಡು ಕಳೆದರೆ ೬೨, ಶೇಷ ಸೊನ್ನೆ. ಭಾಜಕವನ್ನು ಹುಡುಕದೆಯೇ ಭಾಜಕವಿಲ್ಲವೆಂದು ನಿರ್ಣಯಿಸುವ ಈ ಉಪಾಯದಿಂದಲೇ ೨ರ ೧೩೬೨೭೯೮೪೧ನೆಯ ಘಾತದಲ್ಲಿ ಒಂದು ಕಳೆದ, ೪,೧೦,೨೪,೩೨೦ ಅಂಕಗಳ ಅವಿಭಾಜ್ಯವೂ ಗಣಕಯಂತ್ರಗಳ ಮೂಲಕ ದೃಢಪಟ್ಟು ೨೦೨೪ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಶ್ರಾವಕರು ಓದಿದ ವಾರ್ತೆ ಇದೇ.

ಈ ಬಗೆಯ ಸಂಖ್ಯೆಗಳಿಗೆ ಮರ್ಸೆನ್ ಎಂಬ ಫ್ರೆಂಚ್ ಯತಿಯ ಹೆಸರು ಅಂಟಿಕೊಂಡಿದೆ. ೧೬೪೪ರಲ್ಲಿ ಅವನು ಯಾವ ಯಾವ ಎಣಿಕೆಗಳಿಗೆ ಅವಿಭಾಜ್ಯ ದೊರೆಯುವುದೆಂದು ಒಂದು ಪಟ್ಟಿಯನ್ನು ಮುದ್ರಿಸಿದನು. ಅದರಲ್ಲಿ ೬೭ ಮತ್ತು ೨೫೭ ಸಲ್ಲದೆ ಸೇರಿದ್ದವು. ೬೧, ೮೯, ೧೦೭ ಬಿಟ್ಟುಹೋಗಿದ್ದವು. ಅರುವತ್ತೇಳು ಪದಗಳ ಮೊತ್ತವಾದ ೧೪೭೫೭೩೯೫೨೫೮೯೬೭೬೪೧೨೯೨೭, ೧೯೩೭೦೭೭೨೧ ಮತ್ತು ೭೬೧೮೩೮೨೫೭೨೮೭ರ ಗುಣಲಬ್ಧವೆಂದು ಕೋಲ್ ಎಂಬವನು ೧೯೦೩ರಲ್ಲಿ ತೋರಿಸಿದನು. ಪಟ್ಟಿಯ ೬೭ ಎಂಬುದು ೬೧ರ ಬದಲಿಗೆ ಬಿದ್ದ ಅಚ್ಚಿನ ತಪ್ಪಾಗಿರಬಹುದೆಂದು ಊಹಿಸಿದವರೂ ಉಂಟು. ಒಂದಂಕದ ಪಾಠದೋಷದ ಸಂದೇಹ ಅವರನ್ನೂ ಬಿಟ್ಟಿಲ್ಲವೆಂಬುದನ್ನು ಹಸ್ತಪ್ರತಿಶಾಸ್ತ್ರಜ್ಞರು ಗಮನಿಸಬೇಕು.

೫

ಇಲ್ಲಿಂದ ನಮ್ಮ ನಿಜವಾದ ಕಾರ್ಯ ಆರಂಭವಾಗುತ್ತದೆ. ಗದ್ಯಪದ್ಯಗಳಲ್ಲಿ ಲಿಪಿಕಾರನು ಒಂದಕ್ಷರ ತಪ್ಪಿದರೆ ಅರ್ಥ, ಛಂದಸ್ಸು, ವ್ಯಾಕರಣಗಳು ನಮಗೆ ಎಚ್ಚರಿಕೆ ಕೊಡುತ್ತವೆ. ಸಂಖ್ಯೆಯಲ್ಲಿ ಒಂದಂಕ ತಪ್ಪಿದರೆ ಛಂದಸ್ಸು ಸರಿಯಾಗಿಯೇ ಉಳಿದು ಅರ್ಥ ಮಾತ್ರ ಹಾಳಾಗಬಹುದು. ಅಲ್ಲಿ ನಮಗಿರುವ ಸಾಕ್ಷಿ ಸಂಖ್ಯೆಯ ಸ್ವಭಾವವೊಂದೇ.

ಹರಿಹರದ ಶಾಸನಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. ೧೨೨೪ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ ವಿಷಯವನ್ನು ತಿಳಿಸುವ ಶಾಸನ ಮೊದಲ್ಗೊಂಡು ಅಲ್ಲಿನ ಅನೇಕ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಅಚ್ಚಾಗಿವೆ. ಶಾಸನಗಳಲ್ಲಿ ಶಕವರ್ಷದ ಅಂಕ ಸವೆದಿದ್ದರೆ ಸಂವತ್ಸರ, ತಿಥಿ, ವಾರಗಳನ್ನು ಪಂಚಾಂಗಗಣಿತದೊಡನೆ ತಾಳೆ ನೋಡಿ ಕಾಲವನ್ನು ನಿರ್ಣಯಿಸುವುದು ರೂಢಿ. ಶಿಲೆಯ ಮೇಲಿನ ಸಂಖ್ಯೆಗೆ ಸಲ್ಲುವ ಈ ಶಿಸ್ತು ಓಲೆಯ ಮೇಲಿನ ಸಂಖ್ಯೆಗೂ ಸಲ್ಲಬೇಕು.

ಮೊದಲು ಕಂಠಾಭರಣವನ್ನು ನೋಡೋಣ. ೧೫೨೨೦೭ ಎಂಬಲ್ಲಿ ಒಂದು ಪ್ರತಿ ೧೫೨೩೦೭ ಎಂಬ ಪಾಠವನ್ನು ಕೊಟ್ಟಿತೆನ್ನಿ. ೭೩ರಿಂದ ಗುಣಿಸಿದರೆ ೧೧೧೧೮೪೧೧ ಬಂದು ಹಾರ ಹರಿಯುತ್ತದೆ. ಇರಬೇಕಾದುದಕ್ಕಿಂತ ಹೆಚ್ಚು ಬಂದಿರುವುದು ೭೩೦೦. ಅದನ್ನು ೭೩ರಿಂದ ಭಾಗಿಸಿದರೆ ನೂರು. ಶತಸ್ಥಾನದಲ್ಲಿ ಒಂದು ಹೆಚ್ಚಾಗಿದೆಯೆಂದು ಲೆಕ್ಕವೇ ಬೆರಳಿಟ್ಟು ತೋರಿಸುತ್ತದೆ. ಅಂಕಗಳು ಎಡಕ್ಕೆ ಸಾಗುತ್ತವೆಂಬ ನಿಯಮವನ್ನು ಮರೆತು ಗುಣಕವನ್ನು ೩೭ ಎಂದು ಓದಿದರೆ ೫೬೩೧೬೫೯ ಬಂದು ಹಾರದ ಸುಳಿವೇ ಇರುವುದಿಲ್ಲ. ಭೂತಸಂಖ್ಯೆಗಳ ವಿಷಯದಲ್ಲಿಯೂ ಹೀಗೆಯೇ. ತತ್ತ್ವವೆಂದರೆ ನಮ್ಮಲ್ಲಿ ಏಳು, ಸಾಂಖ್ಯರಲ್ಲಿ ಇಪ್ಪತ್ತೈದು. ರತ್ನವೆಂದರೆ ನಮ್ಮಲ್ಲಿ ಮೂರು, ಇತರರಲ್ಲಿ ಒಂಬತ್ತೂ ಆಗಬಹುದು. ಯಾವ ಅರ್ಥ ಗ್ರಾಹ್ಯವೆಂಬುದನ್ನು ಗುಣಲಬ್ಧ ನಿರ್ಣಯಿಸುತ್ತದೆ.

ಮನುಷ್ಯಸಂಖ್ಯೆಯ ಗಾಹೆಗೆ ಬಂದರೆ ಈ ಪರೀಕ್ಷೆ ಇನ್ನೂ ಸೂಕ್ಷ್ಮವಾಗುತ್ತದೆ. ಅದರಲ್ಲಿ ಹದಿಮೂರನೆಯ ಸ್ಥಾನದ ಅಂಕ ೭. ಅದನ್ನು ಕೊಡುವ ಅಕ್ಷರ ‘ಸಿಲಾ’ ಎಂಬ ಪ್ರಾಕೃತ ಶಬ್ದದ ಸಕಾರ. ಸಂಸ್ಕೃತದ ಅಭ್ಯಾಸವುಳ್ಳ ಲಿಪಿಕಾರನು ಇದನ್ನು ತಿದ್ದುತ್ತಿದ್ದೇನೆಂಬ ಭಾವನೆಯಿಂದ ‘ಶಿಲಾ’ ಎಂದು ಬರೆದರೆ ಮಾತ್ರೆ ಕೆಡುವುದಿಲ್ಲ, ಅರ್ಥವೂ ಕೆಡುವುದಿಲ್ಲ. ಆದರೆ ಕಟಪಯಾದಿಯಲ್ಲಿ ಶಕಾರಕ್ಕೆ ಐದಾದುದರಿಂದ ಸಂಖ್ಯೆ ಎರಡು ಲಕ್ಷ ಕೋಟಿಯಷ್ಟು ಕುಗ್ಗುತ್ತದೆ. ಹೀಗೆ ಕೆಟ್ಟ ಸಂಖ್ಯೆಯನ್ನು ಅರ್ಧಿಸುತ್ತ ಹೋದರೆ ಹದಿಮೂರು ಬಾರಿಯ ಮೇಲೆ ಬೆಸ ಸಂಖ್ಯೆ ಬಂದು ಅರ್ಧಚ್ಛೇದ ನಿಂತುಹೋಗುತ್ತದೆ. ಅದೇ ಗಾಹೆಯಲ್ಲಿ ಆರನೆಯ ಸ್ಥಾನದ ಒಂಬತ್ತನ್ನು ಕೊಡುವುದು ಧಕಾರ. ಕನ್ನಡ ಲಿಪಿಯಲ್ಲಿ ಧಕಾರದ ಸೀಳು ಮಾಸಿದರೆ ಅದು ದಕಾರವಾಗಿ ಕಂಡು ಅಂಕ ಎಂಟಾಗುತ್ತದೆ. ಆಗ ಐದೇ ಬಾರಿ ಅರ್ಧಿಸಬಹುದು. ಸರಿಯಾದ ಪಾಠವೊಂದೇ ತೊಂಬತ್ತಾರು ಬಾರಿ ಅರ್ಧಿಸಿಕೊಂಡು ಒಂದರಲ್ಲಿ ನಿಲ್ಲುತ್ತದೆ. ಅರ್ಧಚ್ಛೇದವು ಸಿದ್ಧಾಂತದ ಪರಿಭಾಷೆಯಾಗಿರುವುದರ ಜೊತೆಗೆ ಗಾಹೆಯ ಕಾವಲುಗಾರನೂ ಆಗಿದೆ.

ಆದರೆ ಈ ಪರೀಕ್ಷೆ ಎಲ್ಲ ಸಂಖ್ಯೆಗಳಿಗೂ ಸಮನಾಗಿ ಒದಗದು. ಗುಣಲಬ್ಧಕ್ಕೋ ವರ್ಗಕ್ಕೋ ಅರ್ಧಚ್ಛೇದಕ್ಕೋ ಒಳಪಟ್ಟ ಸಂಖ್ಯೆ ತನ್ನ ದೋಷವನ್ನು ತಾನೇ ಹೇಳುತ್ತದೆ. ಬಿಡಿಯಾಗಿ ನಿಂತ ಸಂಖ್ಯೆಗೆ ಅಂತಹ ನಾಲಗೆಯಿಲ್ಲ. ಆದುದರಿಂದ ಲೆಕ್ಕದಿಂದ ನಿರ್ಣಯವಾದ ಪಾಠವನ್ನು ಮೂಲದಲ್ಲಿ ಹಾಕಿದರೂ ಪ್ರತಿಯ ಪಾಠವನ್ನು ಅಡಿಯಲ್ಲಿ ಇದ್ದಂತೆಯೇ ತೋರಿಸಬೇಕು. ದೋಷಯುಕ್ತ ಪಾಠವೂ ಪ್ರತಿಗಳ ವಂಶವೃಕ್ಷವನ್ನು ತಿಳಿಯಲು ಸಾಧನ. ‘ಶಿಲಾ’ ಎಂದು ಬರೆದ ಎರಡು ಪ್ರತಿಗಳು ದೊರೆತರೆ ಅವು ಒಂದೇ ಮಾತೃಕೆಯಿಂದ ಬಂದವೆ, ಅಥವಾ ಇಬ್ಬರು ಸಂಸ್ಕೃತಜ್ಞರು ಬೇರೆ ಬೇರೆಯಾಗಿ ತಿದ್ದಿದರೆ ಎಂಬುದು ವಿಚಾರಣೀಯ.

೬

ಮೇಲಿನ ಪರಿಶೀಲನೆಯಿಂದ ಫಲಿಸುವುದು ಇಷ್ಟು. ಮಹಾವೀರಾಚಾರ್ಯರಲ್ಲಿ ನಿರುದ್ಧವಿದೆ, ಗುಣಸಂಕಲಿತವಿದೆ, ಅಪವರ್ತನದ ಸೂಕ್ಷ್ಮ ಪರಿಚಯದಿಂದ ಹುಟ್ಟಿದ ಕಂಠಾಭರಣಗಳಿವೆ. ವೀರಸೇನ ನೇಮಿಚಂದ್ರರಲ್ಲಿ ಅರ್ಧಚ್ಛೇದದ ಪೂರ್ಣ ಪ್ರಯೋಗವೂ, ೨ರ ೯೬ನೆಯ ಘಾತದಂತಹ ರಾಶಿಯನ್ನು ಅಂಕ ತಪ್ಪದಂತೆ ಸಾಧಿಸಿ ಕಾಪಾಡುವ ಉಪಾಯವೂ ಇವೆ. ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತ ಈ ಗ್ರಂಥಗಳಲ್ಲಿ ಇಲ್ಲ. ಇಲ್ಲವೆಂದು ಹೇಳುವುದರಿಂದ ಆಚಾರ್ಯರ ಗೌರವಕ್ಕೆ ಕುಂದಿಲ್ಲ. ಯಾರೂ ಕೊಡದ ಕೀರ್ತಿಯನ್ನು ನಾವು ಕೊಡಹೋದರೆ, ನ್ಯಾಯವಾಗಿ ಸಲ್ಲಬೇಕಾದ ಕೀರ್ತಿಯನ್ನೂ ಪರೀಕ್ಷಕರು ಸಂದೇಹದಿಂದ ನೋಡುವರು. ಸ್ಯಾದ್ವಾದವನ್ನು ಓದಿದವರಿಗೆ ಯಾವ ಅಪೇಕ್ಷೆಯಿಂದ ಇದೆ, ಯಾವ ಅಪೇಕ್ಷೆಯಿಂದ ಇಲ್ಲ ಎಂದು ಬಿಡಿಸಿ ಹೇಳುವುದು ಕಷ್ಟವಾಗಬಾರದು.

ದಾವಣಗೆರೆ ಹರಿಹರಗಳ ಪ್ರಶ್ನಕರ್ತರಿಗೂ ಇತರ ಊರುಗಳ ಸ್ವಾಧ್ಯಾಯಮಂಡಲಿಗಳಿಗೂ ಈ ಲೇಖಕನ ವಿಜ್ಞಾಪನೆ ಒಂದೇ. ಮನೆಗಳಲ್ಲಿಯೋ ಬಸದಿಗಳಲ್ಲಿಯೋ ಗೊಮ್ಮಟಸಾರದ, ತ್ರಿಲೋಕಸಾರದ, ಗಣಿತಸಾರಸಂಗ್ರಹದ ಓಲೆಗಳಿದ್ದರೆ ಅಂಕಗಳಿರುವ ಗರಿಗಳನ್ನು ವಿಶೇಷ ಎಚ್ಚರಿಕೆಯಿಂದ ನೋಡಬೇಕು. ಎಣ್ಣೆ ಮಸಿ ಹಚ್ಚುವ ಮೊದಲು ಅಕ್ಷರಗಳ ಸೀಳು, ಸೊನ್ನೆ, ಒತ್ತುಗಳನ್ನು ಗುರುತಿಸಿಕೊಳ್ಳಬೇಕು. ಮುದ್ರಿತ ಪುಸ್ತಕಕ್ಕೆ ಹೊಂದುವಂತೆ ಓಲೆಯನ್ನು ಓದದೆ, ಓಲೆಯಲ್ಲಿದ್ದಂತೆ ಓದಿ ಆಮೇಲೆ ಲೆಕ್ಕ ಹಾಕಬೇಕು. ಇಪ್ಪತ್ತೊಂಬತ್ತು ಅಂಕಗಳ ಗಾಹೆಯನ್ನು ತೊಂಬತ್ತಾರು ಬಾರಿ ಅರ್ಧಿಸಿ ನೋಡಲು ಒಬ್ಬ ವಿದ್ಯಾರ್ಥಿಗೆ ಒಂದು ಮಧ್ಯಾಹ್ನ ಸಾಕು. ಅಷ್ಟು ಶ್ರಮದಿಂದ ಒಂದು ಪ್ರತಿಯ ಶುದ್ಧಾಶುದ್ಧತೆ ನಿರ್ಣಯವಾಗುವುದಾದರೆ, ಅದು ಶ್ರುತಪಂಚಮಿಯ ದಿನ ಗ್ರಂಥಕ್ಕೆ ಸಲ್ಲಿಸುವ ಅರ್ಘ್ಯಕ್ಕಿಂತ ಕಡಿಮೆಯ ಸೇವೆಯಲ್ಲ.